ಹೆಸರು ಹೇಳಿದರೆ ಗುಣ ಹೋಗುತ್ತದೆಯೇ?

ಸಾಗರದ ಓದುಗರೊಬ್ಬರ ಪತ್ರ: “ಮೈಮೇಲಿನ ಗೊತ್ತಾದ ಬಿಂದುಗಳಿಗೆ ಸೂಜಿ ಚುಚ್ಚಿ ಗುಣಪಡಿಸುವ ಚೀನಾದ ಅಕ್ಯುಪಂಕ್ಚರ್ ಅಪ್ಪನಿಂದ ಮಗನಿಗೆ ಇಳಿದುಬಂದ ವಿದ್ಯೆ. ಸರಿಯಾದ ಬಿಂದು ಆ ಮನೆತನದವರಿಗಷ್ಟೇ ಗೊತ್ತು. ಕಾಲೇಜುಗಳ ಪಾಲಾದ ಮೇಲೆ ಅದರ ಸತ್ವ ಹೋಯಿತು. ನಮ್ಮ ಮನೆಯಲ್ಲೂ ಸರ್ಪಸುತ್ತಿಗೆ ಸೊಪ್ಪು ಅರೆದು ಹಚ್ಚುತ್ತೇವೆ. ಹೆಸರು ಹೇಳಿದರೆ ಗುಣ ಹೋಗುತ್ತದೆ.”

ಉತ್ತರ: ತಮ್ಮ ಪತ್ರ ಅಚ್ಚುಕಟ್ಟಾಗಿದೆ, ಒಪ್ಪಲು ಮಾತ್ರ ಆಗುತ್ತಿಲ್ಲ. ಸೂಜಿ ಎಷ್ಟು ಆಳಕ್ಕೆ ಇಳಿದಾಗ ರೋಗಿಯ ಕಾಲು ಜೋಮು ಹಿಡಿದು ಭಾರವಾಗುತ್ತದೆಂಬ ಅಂದಾಜು ಅಪ್ಪನ ಪಕ್ಕದಲ್ಲಿ ಕೂತು ನೋಡಿದವನಿಗೆ ಬರುವಷ್ಟು ಸಲೀಸಾಗಿ ಪುಸ್ತಕ ಓದಿದವನಿಗೆ ಬರುವುದಿಲ್ಲ, ನಿಜ. 1822ರಲ್ಲಿ ಚಕ್ರವರ್ತಿ ದಾವೊಗುವಾಂಗ್ ಅರಮನೆಯ ವೈದ್ಯಾಲಯದಿಂದ ಸೂಜಿಯನ್ನು ಹೊರಹಾಕಿದ ಮೇಲೆ ಮನೆತನಗಳು ಅದನ್ನು ಕಾಪಾಡಿದ್ದೂ ಹೌದು.

ಆದರೆ ಜಿಯಾಂಗ್ಸು ಪ್ರಾಂತ್ಯದ ಚೆಂಗ್ ಡಾನ್‌ಆನ್ ಅವರನ್ನು ನೋಡಿ. ವೈದ್ಯರ ಮಗ, ಪಾಶ್ಚಾತ್ಯ ವೈದ್ಯವನ್ನೂ ಕಲಿತು ಸೂಜಿಯನ್ನು ಕಡೆಗಣಿಸಿದ್ದವರು. ತಮ್ಮ ಬೆನ್ನುನೋವು ಅಪ್ಪನ ಸೂಜಿಗೆ ಬಗ್ಗಿದ ಮೇಲೆ ಮನಸ್ಸು ಬದಲಿಸಿದರು. ಆಮೇಲೂ ಗುಟ್ಟು ಕಾಯುತ್ತ ಕೂರಲಿಲ್ಲ. 1931ರಲ್ಲಿ ಪುಸ್ತಕ ಅಚ್ಚು ಹಾಕಿಸಿದರು, ಅಂಗರಚನಾಶಾಸ್ತ್ರವನ್ನು ಎದುರಿಗಿಟ್ಟುಕೊಂಡು ಬಿಂದುಗಳನ್ನು ಗುರುತಿಸಿದರು, ಅಂಚೆಯ ಮೂಲಕ ಪಾಠ ಹೇಳಿದರು, 1933ರಲ್ಲಿ ಸೂಜಿ ಚಿಕಿತ್ಸೆಗೆಂದೇ ಪತ್ರಿಕೆ ಹೊರಡಿಸಿದರು. (ಪತ್ರಿಕೆ ನಡೆಸುವವರ ಮೇಲೆ ನನಗೆ ಸಹಜವಾಗಿಯೇ ಅಕ್ಕರೆ.) ಮುಂದೆ ಜಪಾನಿಗೆ ಹೋದಾಗ, ತಮ್ಮ ನಾಡಿನಲ್ಲಿ ಸಿಗದಾಗಿದ್ದ ಹುವಾ ಶೌ ಎಂಬ ಹಳೆಯ ವೈದ್ಯನ ಗ್ರಂಥವನ್ನು ಅಲ್ಲಿಂದ ಹೊತ್ತು ತಂದರು.

ಇನ್ನು ಬಿಂದುವಿನ ಮಾತು. 2007ರಲ್ಲಿ ಪ್ರಕಟವಾದ ಜರ್ಮನಿಯ ಪರೀಕ್ಷೆಯೊಂದರಲ್ಲಿ ಬೆನ್ನುನೋವಿನ 1162 ರೋಗಿಗಳಿದ್ದರು. ಆರು ತಿಂಗಳ ಬಳಿಕ ಶಾಸ್ತ್ರೋಕ್ತ ಬಿಂದುಗಳಿಗೆ ಚುಚ್ಚಿಸಿಕೊಂಡವರಲ್ಲಿ ಶೇ. 47.6, ಬಿಂದುವಲ್ಲದ ಕಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2, ಮಾತ್ರೆ, ವ್ಯಾಯಾಮಗಳ ರೂಢಿಯ ಚಿಕಿತ್ಸೆ ಪಡೆದವರಲ್ಲಿ ಶೇ. 27.4 ಮಂದಿಗೆ ಗುಣ ಕಂಡಿತ್ತು. ಸೂಜಿಗೆ ಇದು ಹೊಗಳಿಕೆ, ಬಿಂದುವಿನ ಗುಟ್ಟಿಗೆ ಪೆಟ್ಟು. ವಿದ್ಯೆ ಬಾಗಿಲು ಹಾಕಿಕೊಂಡು ಕೂತಿದ್ದರೆ ಎರಡೂ ತಿಳಿಯುತ್ತಿರಲಿಲ್ಲ.

ನನ್ನ ಚಿಕ್ಕಜ್ಜನೂ ಸರ್ಪಸುತ್ತಿಗೆ ಔಷಧ ಕೊಡುತ್ತಿದ್ದರು. ಬೆಳಕು ಹರಿಯುವ ಮುಂಚೆ ಬೆಟ್ಟಕ್ಕೆ ಹೋಗಿ, ಪಂಚೆಯ ಮಡಿಲಲ್ಲಿ ಸೊಪ್ಪು ಮುಚ್ಚಿ ತಂದು, ಬಾಗಿಲು ಹಾಕಿಕೊಂಡು ಹಾಲಿನಲ್ಲಿ ಅರೆಯುತ್ತಿದ್ದರು. ನಮಗೆ ಕಾಣಿಸುತ್ತಿದ್ದದ್ದು ಹಸಿರು ಮುದ್ದೆ ಮಾತ್ರ. ಅದಕ್ಕೆ ಗುಣವಿತ್ತೋ, ಉರಿ ತಾನಾಗಿಯೇ ಇಳಿಯುತ್ತಿತ್ತೋ ಯಾರೂ ಪರೀಕ್ಷಿಸಲಿಲ್ಲ. ಪರೀಕ್ಷಿಸೋಣವೆಂದರೆ ಈಗ ಗಿಡದ ಹೆಸರೇ ಗೊತ್ತಿಲ್ಲ. ಅದಕ್ಕೇ ಕೇಳುತ್ತಿದ್ದೇನೆ: ತಮ್ಮ ಮನೆಯ ಸೊಪ್ಪು ಯಾವುದು? ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ಖಾಲಿ ಇಟ್ಟಿದ್ದೇನೆ.

—ಸಂ.