ಇದ್ದಿಲು ಹಿಡಿದ ವಿಷ ಎಲ್ಲಿಗೆ ಹೋಗುತ್ತದೆ?

(ದಾವಣಗೆರೆಯ ನಿವೃತ್ತ ಶಿಕ್ಷಕರೊಬ್ಬರ ಪತ್ರದ ಸಾರ: “ಪಿಎಫ್‌ಎಎಸ್ ರಾಸಾಯನಿಕಗಳನ್ನು ಸಕ್ರಿಯ ಇದ್ದಿಲು ನೀರಿನಿಂದ ತೆಗೆಯುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಪ್ರತಿ ಕಾರ್ಖಾನೆಗೂ ಒಂದು ಇದ್ದಿಲಿನ ತೊಟ್ಟಿ ಕಡ್ಡಾಯ ಮಾಡಿದರೆ ಮುಗಿಯಲಿಲ್ಲವೇ? ಅಷ್ಟಕ್ಕೂ ಇದು ವಿದೇಶದ ಸಮಸ್ಯೆಯಲ್ಲವೇ? ನನ್ನ ಮಗ ಕ್ರೋಮ್ ಲೇಪನದ ಘಟಕದಲ್ಲಿದ್ದಾನೆ, ಆದ್ದರಿಂದ ಕೇಳುತ್ತಿದ್ದೇನೆ.”)

ಮಾನ್ಯರೇ,

ನಮ್ಮ ಲೇಖನ ಅರ್ಧ ದಾರಿಯಲ್ಲೇ ನಿಂತಿತ್ತು. ಆ ಲೋಪ ನನ್ನದು. ಪಿಎಫ್‌ಎಎಸ್ ಎಂದರೆ ಇಂಗಾಲ, ಫ್ಲೋರಿನ್ ಬೆಸೆದು ಮನುಷ್ಯ ತಯಾರಿಸಿದ ರಾಸಾಯನಿಕಗಳ ಒಂದು ದೊಡ್ಡ ಕುಟುಂಬ. ಸೂಕ್ಷ್ಮ ರಂಧ್ರಗಳುಳ್ಳ ಸಕ್ರಿಯ ಇದ್ದಿಲು ಈ ವಿಷವನ್ನು ಹಿಡಿದಿಡುತ್ತದೆ, ನಾಶ ಮಾಡುವುದಿಲ್ಲ. ಇಂಗಾಲಕ್ಕೂ ಫ್ಲೋರಿನ್‌ಗೂ ಇರುವ ಬೆಸುಗೆ ಬಿಸಿಲಿಗೆ, ಬ್ಯಾಕ್ಟೀರಿಯಾಗೆ ಜಗ್ಗುವಂಥದ್ದಲ್ಲ. ನೀರನ್ನು ಕುದಿಸಿದರೂ ಅದು ಹೋಗುವುದಿಲ್ಲ.

ಅಮೆರಿಕದ ವಿಲ್ಮಿಂಗ್ಟನ್ ಊರನ್ನೇ ನೋಡಿ. ಮೇಲ್ಭಾಗದ ರಾಸಾಯನಿಕ ಕಾರ್ಖಾನೆಯೊಂದರ ತ್ಯಾಜ್ಯ ಕೇಪ್ ಫಿಯರ್ ನದಿಗೆ ಸೇರಿ ತಮ್ಮ ನಲ್ಲಿಗೇ ಬರುತ್ತಿದೆ ಎಂಬುದು ಅಲ್ಲಿನ ಜನರಿಗೆ ತಿಳಿದದ್ದು 2017ರಲ್ಲಿ. ಸುಮಾರು 4.3 ಕೋಟಿ ಡಾಲರ್ ಸುರಿದು ಕಟ್ಟಿದ ಇದ್ದಿಲಿನ ಶೋಧಕಗಳು ಕೆಲಸ ಆರಂಭಿಸಿದ್ದು 2022ರಲ್ಲಿ. ಇದ್ದಿಲು ತುಂಬಿದಂತೆಲ್ಲ ಅದನ್ನು ತೆಗೆದು, ಕುಲುಮೆಯಲ್ಲಿ ಕಾಸಿ ಮತ್ತೆ ತುಂಬಬೇಕು. ಇದಕ್ಕೆ ಕೊನೆಯೇ ಇಲ್ಲ. ಖರ್ಚು ಹೊರುತ್ತಿರುವವರು ನೀರು ಕುಡಿಯುವವರು. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಎಷ್ಟರಮಟ್ಟಿಗೆ ತೆಗೆಯಬೇಕು? 2024ರಲ್ಲಿ ಅಮೆರಿಕ ಪಿಎಫ್‌ಒಎ, ಪಿಎಫ್‌ಒಎಸ್ ಎಂಬ ಇದೇ ಕುಟುಂಬದ ಎರಡು ರಾಸಾಯನಿಕಗಳಿಗೆ ಕುಡಿಯುವ ನೀರಿನಲ್ಲಿ ಗೊತ್ತುಮಾಡಿದ ಮಿತಿ, ಒಂದೊಂದಕ್ಕೂ, ಲೀಟರಿಗೆ 4 ನ್ಯಾನೊಗ್ರಾಂ. ಅಂದರೆ 5,000 ಲೀಟರಿನ 500 ಟ್ಯಾಂಕರ್ ನೀರಿಗೆ ಸುಮಾರು ಅರ್ಧ ಅಕ್ಕಿಕಾಳಿನ ತೂಕ.

ಒಂದೇ ತೊಟ್ಟಿ ಎಲ್ಲರಿಗೂ ಏಕೆ ಸಾಲದು ಎಂಬುದಕ್ಕೆ ನಿಮ್ಮ ಮಗನ ಕೆಲಸವೇ ಉತ್ತರ. ಕ್ರೋಮಿಕ್ ಆಮ್ಲದ ತೊಟ್ಟಿಗೆ ವಿದ್ಯುತ್ ಹರಿಸಿದಾಗ ಗುಳ್ಳೆಗಳೆದ್ದು ಒಡೆಯುತ್ತವೆ, ಆಮ್ಲದ ಹನಿಗಳು ಮಂಜಿನಂತೆ ಹಾರಿ ಕೆಲಸಗಾರರ ಮೂಗು, ಶ್ವಾಸಕೋಶ ಸೇರುತ್ತವೆ. ಹಿಂದೆ ಮೂಗಿನ ನಡುಗೋಡೆಯೇ ತೂತಾದವರಿದ್ದರು. ಅದನ್ನು ತಡೆಯಲೆಂದೇ ಪಿಎಫ್‌ಒಎಸ್ ಬಂತು. ಒಂದಿಷ್ಟು ಹಾಕಿದರೆ ಮಂಜು ಅಡಗುತ್ತದೆ. ಆದರೆ ಲೇಪನವಾದ ವಸ್ತುವನ್ನು ತೊಳೆದ ನೀರಿನೊಡನೆ ಅದೂ ಹೊರಬೀಳುತ್ತದೆ. ಆ ನೀರನ್ನು ಹದಗೊಳಿಸಿ ಸುಣ್ಣ ಹಾಕಿದಾಗ ಕ್ರೋಮಿಯಂ ಕೆಸರಾಗಿ ತಳಕ್ಕಿಳಿಯುತ್ತದೆ, ಪಿಎಫ್‌ಒಎಸ್ ಹೆಚ್ಚಿನಂಶ ತಿಳಿನೀರಿನಲ್ಲೇ ಉಳಿದುಬಿಡುತ್ತದೆ. ಇದ್ದಿಲಿನ ಸರದಿ ಬರುವುದು ಆಮೇಲೆ.

ಕಸದ ಗುಡ್ಡದಿಂದ ಜಿನುಗುವ ಕಪ್ಪು ನೀರಿನಲ್ಲಾದರೋ ಬೇರೆ ಸಾವಯವ ಕೊಳೆಯೇ ಇದ್ದಿಲನ್ನು ತುಂಬಿಬಿಡುತ್ತದೆ. ಅಲ್ಲಿ ಗಾಳಿಯ ಗುಳ್ಳೆಗಳನ್ನು ಹಾಯಿಸುತ್ತಾರೆ. ಮಜ್ಜಿಗೆ ಕಡೆದಾಗ ಬೆಣ್ಣೆ ಮೇಲೆ ಬರುವಂತೆ ಪಿಎಫ್‌ಎಎಸ್ ನೊರೆಯೊಡನೆ ಮೇಲೆ ಬರುತ್ತದೆ. ವಿಮಾನ ನಿಲ್ದಾಣಗಳಲ್ಲಿ ಬೆಂಕಿ ಆರಿಸುವ ನೊರೆಯಿಂದ ಕೆಟ್ಟ ನೀರಿಗೂ ಇದು ಒಗ್ಗುತ್ತದೆ. ಚಿಪ್ ಕಾರ್ಖಾನೆಗಳ ನೀರಿನಲ್ಲಿ ಸಿಗುವ ಗಿಡ್ಡ ಸರಪಳಿಯ ಪಿಎಫ್‌ಎಎಸ್ ಅಣುಗಳು ಇದ್ದಿಲಿನಿಂದ ಬೇಗ ನುಸುಳಿಕೊಳ್ಳುತ್ತವೆ. ಅಲ್ಲಿ ಅಯಾನು ವಿನಿಮಯದ ರಾಳ (ವಿದ್ಯುದಂಶವುಳ್ಳ ಕಣಗಳನ್ನು ಸೆಳೆದಿಡುವ ಮಣಿಗಳು) ಅಥವಾ ಆರ್‌ಒ ಬೇಕು. ಆರ್‌ಒ ಹೊರಬಿಡುವ ತ್ಯಾಜ್ಯ ನೀರಿನಲ್ಲಿ ವಿಷ ಇನ್ನಷ್ಟು ದಟ್ಟವಾಗಿರುತ್ತದೆ ಎಂಬುದನ್ನು ಮರೆಯಬಾರದು.

ನಿಜವಾಗಿ ನಾಶ ಮಾಡುವ ದಾರಿಗಳೂ ಇವೆ. ಒಂದು, 374 ಡಿಗ್ರಿ ಮೀರಿದ ಕಾವು, ವಾಯುಮಂಡಲದ 200 ಪಟ್ಟಿಗೂ ಮಿಗಿಲಾದ ಒತ್ತಡದಲ್ಲಿ ನೀರಿನೊಳಗೇ ಅಣುಗಳನ್ನು ಆಮ್ಲಜನಕದೊಡನೆ ಉರಿಸಿದಂತೆ ಒಡೆಯುವುದು. ಹೊಳೆಯಷ್ಟು ನೀರಿಗೆ ಇದನ್ನು ಮಾಡಲಾಗದು, ಕೊಳಗದಷ್ಟಕ್ಕೆ ಮಾಡಬಹುದು. ಆದ್ದರಿಂದಲೇ ವಿಷದ ನೀರು ಚರಂಡಿಯಲ್ಲಿ ಬೆರೆಯುವ ಮೊದಲೇ, ಹುಟ್ಟಿದ ಜಾಗದಲ್ಲೇ ಹಿಡಿಯಬೇಕು ಎಂದು ನಾನು ವಾದಿಸುತ್ತೇನೆ.

ವಿದೇಶದ ಸಮಸ್ಯೆ ಎಂದಿರಿ. ಇಟಲಿಯ ಟ್ರಿಸ್ಸಿನೊ ಸುತ್ತಲಿನ ಅಂತರ್ಜಲವನ್ನು ಪಿಎಫ್‌ಎಎಸ್‌ನಿಂದ ಕೆಡಿಸಿದ ಮಿಟೆನಿ ಕಾರ್ಖಾನೆ 2018ರಲ್ಲಿ ದಿವಾಳಿಯಾಯಿತು. 2025ರಲ್ಲಿ ಅದಕ್ಕೆ ಸಂಬಂಧಿಸಿದ 11 ಮಂದಿಗೆ ಅಲ್ಲಿನ ನ್ಯಾಯಾಲಯ ಜೈಲು ಶಿಕ್ಷೆ ವಿಧಿಸಿತು. ಅದರ ಯಂತ್ರಗಳು ಬಂದು ನೆಲೆಯಾದದ್ದು ನಮ್ಮ ನೆರೆಯ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಲೋಟೆಯಲ್ಲಿ.

ಮಂಜು ತಡೆಯುವ ದ್ರಾವಣದ ಡ್ರಮ್ಮಿನ ಮೇಲಿನ ಚೀಟಿಯನ್ನು ಓದಲು ನಿಮ್ಮ ಮಗನಿಗೆ ಹೇಳಿ. ‘ಫ್ಲೋರೊ’ ಎಂಬ ಪದ ಕಂಡರೆ, ಫ್ಲೋರಿನ್ ಇಲ್ಲದ್ದು ಸಿಗುವುದೇ ಎಂದು ಮಾರಾಟಗಾರರನ್ನು ಕೇಳಲಿ. ‘ಪಿಎಫ್‌ಒಎಸ್ ಇಲ್ಲ’ ಎಂಬ ಮಾತಷ್ಟೇ ಸಾಲದು. ಅದರ ಬದಲಿಗೆ ಬಂದ ಕೆಲವು ದ್ರಾವಣಗಳೂ ಇದೇ ಕುಟುಂಬದವು. ಇದ್ದಿಲಿನ ತೊಟ್ಟಿ ಇದ್ದರೆ, ತುಂಬಿದ ಇದ್ದಿಲನ್ನು ಯಾರು, ಎಲ್ಲಿಗೆ ಒಯ್ಯುತ್ತಾರೆ ಎಂಬುದನ್ನು ಮಾಲೀಕರಲ್ಲಿ ವಿಚಾರಿಸಲಿ. ಸಿಕ್ಕ ಉತ್ತರವನ್ನು ದಯವಿಟ್ಟು ನಮಗೂ ಬರೆದು ತಿಳಿಸಿ.

– ಸಂಪಾದಕ