ಅರಿಸ್ಟಾರ್ಕಸ್‌ನ ಮಾತನ್ನು ಗ್ರೀಕರು ಏಕೆ ಒಪ್ಪಲಿಲ್ಲ?

ಸೂರ್ಯನೇ ಕೇಂದ್ರವೆಂದು ಸಾಮೋಸ್‌ನ ಅರಿಸ್ಟಾರ್ಕಸ್ ಕ್ರಿ.ಪೂ. 3ನೇ ಶತಮಾನದಲ್ಲೇ ಹೇಳಿದ್ದರೂ ಗ್ರೀಕರು ಧರ್ಮದ ಭಯದಿಂದ ಅದನ್ನು ಮುಚ್ಚಿಹಾಕಿದರೇ ಎಂದು ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಅವನ ಮೇಲೆ ದೈವನಿಂದೆಯ ಆರೋಪ ಹೊರಿಸಬೇಕೆಂದು ಕ್ಲಿಯಾಂತಿಸ್ ಎಂಬ ಸ್ಟೋಯಿಕ್ ದಾರ್ಶನಿಕ ಗುಡುಗಿದ್ದನಂತೆ. ವಿಚಾರಣೆ ನಡೆದದ್ದಕ್ಕೆ ಮಾತ್ರ ಪುರಾವೆಯಿಲ್ಲ.

ನಿಜವಾದ ತೊಡಕು ಆಕಾಶದಲ್ಲೇ ಇತ್ತು. ಭೂಮಿ ಸೂರ್ಯನನ್ನು ಸುತ್ತುತ್ತಿದ್ದರೆ, ಆರು ತಿಂಗಳ ಅಂತರದಲ್ಲಿ ನೋಡಿದಾಗ ಹತ್ತಿರದ ನಕ್ಷತ್ರಗಳು ತುಸುವಾದರೂ ಪಕ್ಕಕ್ಕೆ ಸರಿದಂತೆ ಕಾಣಬೇಕು. ಕಾಣಲಿಲ್ಲ. ನಕ್ಷತ್ರಗಳು ಊಹೆಗೂ ಮೀರಿದ ದೂರದಲ್ಲಿವೆ ಎಂಬುದು ಅರಿಸ್ಟಾರ್ಕಸ್‌ನ ನಿಲುವು; ಅಷ್ಟು ದೂರವಿದ್ದರೆ ಅವು ಸರಿಯುವುದು ಕಣ್ಣಿಗೆ ಕಾಣದಷ್ಟು ಕಿರಿದಾಗುತ್ತದೆ. ಇದು ನಮಗೆ ತಿಳಿದಿರುವುದೂ ಆರ್ಕಿಮಿಡೀಸ್‌ನ ‘ಮರಳಿನ ಲೆಕ್ಕ’ ಎಂಬ ಕೃತಿಯಿಂದ, ಈ ಕುರಿತು ಅರಿಸ್ಟಾರ್ಕಸ್‌ನ ಮೂಲ ಬರಹ ಉಳಿದಿಲ್ಲ. ನಕ್ಷತ್ರವೊಂದು ಹಾಗೆ ಪಕ್ಕಕ್ಕೆ ಸರಿಯುವುದನ್ನು ಜರ್ಮನ್ ಖಗೋಳಜ್ಞ ಬೆಸೆಲ್ ಕೊನೆಗೂ ಅಳೆದದ್ದು 1838ರಲ್ಲಿ, ದೂರದರ್ಶಕದ ನೆರವಿನಿಂದ. ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲೂ ಇರದ ಅದು ಬರಿಗಣ್ಣಿಗೆ ದಕ್ಕುವುದಾದರೂ ಹೇಗೆ?