4 ತಿಂಗಳಾದ್ರೂ ಮಾಯದ ಬಾಯಿ ಹುಣ್ಣು

ಪ್ರಶ್ನೆ: ಡಾಕ್ಟ್ರೇ, ನಮ್ಮಮ್ಮಂಗೆ 52 ವರ್ಷ. 4 ತಿಂಗಳಿಂದ ಕೆನ್ನೆ ಒಳಗೆ, ಅಂಗುಳಲ್ಲಿ ಸುಲಿದ ಹಾಗೆ ಕೆಂಪು ಹುಣ್ಣು, ಒಸಡಲ್ಲಿ ರಕ್ತ ಬರತ್ತೆ. ವಿಟಮಿನ್ ಮಾತ್ರೆ, ಜೆಲ್ ಎಲ್ಲಾ ಆಯ್ತು. ಬಯಾಪ್ಸಿ ರಿಪೋರ್ಟಲ್ಲಿ ಬರೀ 'ಹುಣ್ಣು, ಉರಿಯೂತ' ಅಂತಿದೆ, ಕ್ಯಾನ್ಸರ್ ಇಲ್ವಂತೆ. ಇದು ನಮಗೂ ಅಂಟುತ್ತಾ?

ಉತ್ತರ: ಸಾಮಾನ್ಯ ಬಾಯಿ ಹುಣ್ಣು ಒಂದೆರಡು ವಾರದಲ್ಲಿ ತಾನಾಗೇ ಹೋಗತ್ತೆ, 4 ತಿಂಗಳು ಇದೆ ಅಂದ್ರೆ ಪೆಂಫಿಗಸ್ ವಲ್ಗಾರಿಸ್ ಅಥವಾ ಪೆಂಫಿಗಾಯ್ಡ್ ಇರ್ಬೋದಾ ಅಂತ ನೋಡ್ಲೇಬೇಕು. ಇವೆರಡ್ರಲ್ಲೂ ನಮ್ಮ ದೇಹದ ಪ್ರತಿಕಾಯಗಳೇ (ರೋಗಾಣು ಜೊತೆ ಹೋರಾಡ್ಬೇಕಾದ ಪ್ರೋಟೀನ್‍ಗಳು) ತಪ್ಪಿ ಬಾಯಿ ಒಳಪದರದ ಅಂಟನ್ನ ಬಿಡಿಸಿಬಿಡ್ತವೆ, ನೀರುಗುಳ್ಳೆ ಎದ್ದು ಅಗಿಯೋವಾಗ್ಲೇ ಒಡೆದು ಹೋಗತ್ತೆ, ಅದಕ್ಕೇ ಗುಳ್ಳೆ ಸಾಮಾನ್ಯವಾಗಿ ಕಣ್ಣಿಗೆ ಬೀಳಲ್ಲ, ಹಾಲಿನ ಕೆನೆ ಥರ ಬಿಳಿ ಸಿಪ್ಪೆ ಅಂಚಲ್ಲಿ ನೇತಾಡ್ತಿರತ್ತೆ ಅಷ್ಟೆ. ಅಂಟೋ ಕಾಯಿಲೆ ಖಂಡಿತ ಅಲ್ಲ, ಅಮ್ಮನ ತಟ್ಟೆ ಲೋಟ ಬೇರೆ ಇಡ್ಬೇಡಿ.

ಬಯಾಪ್ಸಿ ಬಗ್ಗೆ ಸ್ವಲ್ಪ ಒತ್ತಿ ಹೇಳ್ತೀನಿ. ಹುಣ್ಣಿನ ನಡುವಿಂದ ತೆಗೆದ್ರೆ ಅಲ್ಲಿ ಮೇಲ್ಪದರಾನೇ ಇರಲ್ಲ, ರಿಪೋರ್ಟ್ ನಿಮಗೆ ಬಂದ ಹಾಗೇ ಬರತ್ತೆ. 2 ತುಂಡು ಬೇಕು. ಒಂದು ಹುಣ್ಣಿನ ಅಂಚಿಂದ, ತುಂಡು ಕೆಡದ ಹಾಗೆ ಇಡೋ ಫಾರ್ಮಲಿನ್‌ಗೆ. ಇನ್ನೊಂದು ಪಕ್ಕದಲ್ಲಿ ಚೆನ್ನಾಗೇ ಕಾಣೋ ಜಾಗದಿಂದ, ಇದನ್ನ ಫಾರ್ಮಲಿನ್‌ಗೆ ಹಾಕ್ಲೇಬಾರ್ದು, ಮೈಕೆಲ್ಸ್ ದ್ರಾವಣದಲ್ಲಿ ಇಮ್ಯುನೋಫ್ಲೋರೆಸೆನ್ಸ್ ಟೆಸ್ಟಿಗೆ (ಪ್ರತಿಕಾಯ ಅಂಟಿರೋ ಜಾಗ ಹೊಳೆಯೋ ಹಾಗೆ ಮಾಡಿ ನೋಡೋದು) ಕಳಿಸ್ಬೇಕು. ಜೀವಕೋಶಗಳ ಸುತ್ತ ಬಲೆ ಥರ ಹೊಳೆದ್ರೆ ಪೆಂಫಿಗಸ್, ಪದರದ ಬುಡದಲ್ಲಿ ಗೆರೆ ಥರ ಹೊಳೆದ್ರೆ ಪೆಂಫಿಗಾಯ್ಡ್ ಕಡೆ ಬೊಟ್ಟು. ಜೀವಕೋಶಗಳನ್ನ ಅಂಟಿಸಿಡೋ ಡೆಸ್ಮೊಗ್ಲಿನ್ 1, 3 ಅನ್ನೋ ಪ್ರೋಟೀನ್‍ಗಳ ವಿರುದ್ಧದ ಪ್ರತಿಕಾಯ ಇದ್ಯಾ ಅಂತ ರಕ್ತದಲ್ಲೂ ನೋಡ್ತಾರೆ. ಓರಲ್ ಮೆಡಿಸಿನ್ ಡಾಕ್ಟರ್ ಅಥವಾ ಚರ್ಮದ ಡಾಕ್ಟರ ಹತ್ರ ಹೋಗಿ, ಇನ್ನೊಂದ್ಸಲ ಚುಚ್ಚಿಸ್ಕೋಬೇಕಲ್ಲ ಅಂತ ಅಮ್ಮ ಹೆದರ್ಬೋದು, ಆದ್ರೂ ದಯವಿಟ್ಟು ಮಾಡ್ಸಿ. ಪೆಂಫಿಗಸ್ ಎಷ್ಟೋ ಜನಕ್ಕೆ ಬಾಯಲ್ಲೇ ಶುರುವಾಗಿ ತಿಂಗಳುಗಟ್ಲೆ ಆದ್ಮೇಲೆ ಮೈಮೇಲೆ ಬರತ್ತೆ. ಪೆಂಫಿಗಾಯ್ಡ್ ಆದ್ರೆ ಕಣ್ಣಿನ ಡಾಕ್ಟರಿಗೂ ತೋರಿಸ್ಬೇಕು, ಕಣ್ಣಲ್ಲಿ ಕಲೆಗಟ್ಟಿದ್ರೆ ದೃಷ್ಟಿಗೇ ಅಪಾಯ.

ಕಾಯಿಲೆ ಕಡಿಮೆ ಇದ್ರೆ ಕ್ಲೊಬೆಟಾಸಾಲ್ ಅನ್ನೋ ಸ್ಟೀರಾಯ್ಡ್ ಹಚ್ಚೋದ್ರಲ್ಲೇ ಹತೋಟಿಗೆ ಬರ್ಬೋದು. ಒಸಡಿಗಾದ್ರೆ ಹಲ್ಲಿನ ಅಳತೆಗೆ ಟ್ರೇ ಮಾಡಿಸಿ ಅದ್ರಲ್ಲಿ ಔಷಧಿ ಹಾಕಿ ಕೂರಿಸ್ತಾರೆ. ಪೆಂಫಿಗಸ್‌ಗೆ ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್, ಜೊತೆಗೆ ರೋಗನಿರೋಧಕ ಶಕ್ತಿಯನ್ನ ತಗ್ಗಿಸೋ ಅಜಾಥಯೋಪ್ರಿನ್ ಅಥವಾ ರಿಟುಕ್ಸಿಮ್ಯಾಬ್ ಬೇಕಾಗತ್ತೆ. ಹುಣ್ಣು ಮಾಯ್ತು ಅಂತ ಪ್ರೆಡ್ನಿಸೊಲೋನ್ ನೀವೇ ದಿಢೀರ್ ನಿಲ್ಲಿಸ್ಬೇಡಿ, ಪ್ರಾಣಕ್ಕೇ ಕುತ್ತು ಬರ್ಬೋದು. ನೋವಂತ ಹಲ್ಲುಜ್ಜೋದು ಬಿಟ್ರೆ ಒಸಡು ಇನ್ನೂ ಕೆಡತ್ತೆ, ತುಂಬಾ ಮೆತ್ತನೆ ಬ್ರಶ್, ನೊರೆ ಕಮ್ಮಿ ಬರೋ ಪೇಸ್ಟ್ ಕೊಡಿ. ಸ್ಟೀರಾಯ್ಡ್ ಶುರುವಾದ್ಮೇಲೆ ಒರೆಸಿದ್ರೆ ಕಿತ್ತು ಬರೋ ಬಿಳಿ ಪದರ ಕಂಡ್ರೆ ಡಾಕ್ಟರಿಗೆ ತೋರಿಸಿ, ಅದು ಫಂಗಸ್ ಇರ್ಬೋದು, ಅದಕ್ಕೆ ಔಷಧಿನೇ ಬೇರೆ.